ಉಳಿದುಹೋದ ಒಂದು ಅಧ್ಯಾಯ

ಬಸವನ ಬಾಗೇವಾಡಿ
೧೪ ಸೆಪ್ಟೆಂಬರ್ ೧೯೭೩

ಮಾನ್ಯ ಮುಖ್ಯಗುರುಗಳಿಗೆ,
ನಾಲ್ಕನೇ ಇಯತ್ತೆಯ ಶಿಕ್ಷಕಿ ದ್ವಾರಕಾಬಾಯಿಯ ನಮಸ್ಕಾರಗಳು.

ಕೊಕ್ಕರೆಯ ಬೆನ್ನೇರಿ ಮೋಡಗಳ ಊರಿಗೆ ಹೋಗಿ, ಸತ್ತ ತಮ್ಮನನ್ನು ಹುಡುಕುವ ಹುಡುಗಿಯ ಕಥೆಪುಸ್ತಕವನ್ನು ಮೊನ್ನೆ ನಾನು ವರ್ಗದಲ್ಲಿ ಓದಿ ಹೇಳುತ್ತಿದ್ದಾಗ ನೀವು ನನ್ನ ಕೈಯಿಂದ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. "ಸುಳ್ಳು ಕಥಿ ಹೇಳಿ ಮಕ್ಕಳ ತಲಿ ಕೆಡಸಬ್ಯಾಡ್ರಿ" ಎಂದಿರಿ. ಒಂದೇ ಅಧ್ಯಾಯ ಉಳಿದಿತ್ತು.

ಕಿಟಕಿಯ ಬಳಿ ನಿಂತು ದಿನಾಲೂ ಕೇಳುತ್ತಿದ್ದ ಕಸ ಗುಡಿಸುವ ರೇವವ್ವನನ್ನೂ ಗದರಿಸಿದಿರಿ. ಹೋದ ವರ್ಷ ಅವಳ ಮಗ ಜ್ವರದಿಂದ ತೀರಿಕೊಂಡದ್ದು ನಿಮಗೆ ಗೊತ್ತು. ಮೊನ್ನೆ ಸಂಜೆಯೇ ಆಕೆ ನಾನು ಬಸ್ ಹತ್ತುವ ಜಾಗದವರೆಗೆ ಹಿಂದೆಯೇ ಬಂದಳು.

"ಅಕ್ಕೋರ, ಆ ಹುಡಗಿಗೆ ತಮ್ಮ ಸಿಕ್ಕಾನೇನ್ರಿ?"

ನಾನು ಬಸ್ ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತು ಕೊನೆಯ ಅಧ್ಯಾಯ ಹೇಳಿದೆ. ತಮ್ಮ ಸಿಗುತ್ತಾನೆ, ಆದರೆ ಅವನನ್ನು ಕರೆತರಲು ಆಗುವುದಿಲ್ಲ. ಅಕ್ಕ ಒಬ್ಬಳೇ ಮರಳುತ್ತಾಳೆ. ರೇವವ್ವ, "ಖರೆ ಐತ್ರಿ. ಒಬ್ಬಾಕಿನ ಬರಬೇಕಾಗ್ತೈತಿ" ಎಂದಳು. ಮಗ ಸತ್ತ ಮೇಲೆ ಮೊದಲ ಬಾರಿ ಅವನ ಹೆಸರು ಹಿಡಿದು ಅತ್ತಳು.

ಇದನ್ನು ಸುಳ್ಳು ಕಥೆ ಎಂದು ನಾನು ಒಪ್ಪುವುದಿಲ್ಲ. ನಾಳೆ ಮೂರನೇ ತಾಸಿಗೆ ಮಕ್ಕಳಿಗೂ ಹೇಳುತ್ತೇನೆ. ಪುಸ್ತಕವಿಲ್ಲದೆಯೂ ನನಗೆ ಬರುತ್ತದೆ. ರೇವವ್ವನಿಗೆ ವರ್ಗದ ಒಳಗೇ ಬಂದು ಕೂರಲು ಹೇಳಿದ್ದೇನೆ. ತಡೆಯುವುದಿದ್ದರೆ ಲಿಖಿತ ಆದೇಶ ಕೊಡಿ. ಆಕೆಗೆ ಓದಲು ಬರುವುದಿಲ್ಲ. ಆ ಆದೇಶವನ್ನು ಅವಳ ಮುಖ ನೋಡಿ ನೀವೇ ಓದಿ ಹೇಳಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ದ್ವಾರಕಾಬಾಯಿ