ನೀಲಿ ಅಳಿಸಿದ ಅಲಗು

ಬೆಳಗೊಳ
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವ,

ನಿನ್ನ ಮಗಳು ಸಹನ ಚೆನ್ನಾಗಿದ್ದಾಳೆ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದಕ್ಕೇ ಈ ಕಾಗದ. ಊರಿಗೆಂದು ನಾಗಮಂಗಲದ ಬಸ್ಸಿಗೆ ಹೊರಟಿರುವ ಗೆಳತಿ ಸ್ನೇಹಳ ಕೈಯಲ್ಲಿ ಕಳಿಸುತ್ತಿದ್ದೇನೆ.

"ನನ್ನ ಮಕ್ಕಳಿಬ್ಬರೂ ವಿಮಾನದ ಇಂಜಿನ್ನಿಗೆ ಅಲಗು ಮಾಡುತ್ತಾರೆ" ಎಂದು ಊರೆಲ್ಲ ಹೇಳಿಕೊಂಡು ಬಂದವಳು ನೀನು. ಅದು ಟೈಟಾನಿಯಂ, ಸ್ವಲ್ಪ ಅಲ್ಯೂಮಿನಿಯಂ, ಸ್ವಲ್ಪ ವೆನೇಡಿಯಂ ಬೆರೆಸಿದ್ದು. ಉಕ್ಕಿನಷ್ಟೇ ಗಟ್ಟಿ, ತೂಕ ಮಾತ್ರ ಅದರ ಅರ್ಧಕ್ಕಿಂತ ತುಸು ಹೆಚ್ಚು. ಇಂಜಿನ್ನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತಿ ಒಳಕ್ಕೆ ನೂಕುತ್ತಾ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು, ಕಾವನ್ನೂ ತಡೆಯಬೇಕು. ಆದರೆ ಮಹಾ ಹಟಮಾರಿ ಲೋಹ. ಕತ್ತರಿಸುವಾಗ ಹುಟ್ಟುವ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೇಲಿಂದ ತಂಪು ನೀರು ಸುರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಮೈ ನೀಲಿಗಟ್ಟುತ್ತದೆ. ನೀಲಿಯನ್ನು ಉಜ್ಜಿ ತೆಗೆಯಬಹುದು, ಅಡಿಯಲ್ಲಿ ಪೆಡಸಾದ ಪದರ ಹಾಗೇ ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ.

ನಿನ್ನ ಮಗ ತಿಮ್ಮರಾಜು ಅಂಥ ಕೆಲಸ ಮಾಡಿದ್ದಾನೆ, ಅವ್ವ. ಆಯುಧಪೂಜೆಗೆ ಕಾರ್ಖಾನೆಯಲ್ಲಿ ತನ್ನ ಮೆಷಿನ್ನಿನ ಬಾಗಿಲೊಳಗೂ ಕುಂಕುಮ ಇಟ್ಟಿದ್ದ. ಶುಕ್ರವಾರ ಕೆಲಸ ಶುರುವಾದಾಗ, ನೀರು ಸಿಡಿದು ಅದು ತೊಳೆದುಹೋಗುತ್ತದೆಂದು ನಲ್ಲಿಯನ್ನು ಅರ್ಧ ಮುಚ್ಚಿಬಿಟ್ಟ. "ಮದ್ವೆ ವರ್ಸ ಕಣಕ್ಕ, ಪೂಜೆ ಆಗಿ ಎಲ್ಡೇ ದಿನ್ಕೆ ಕುಂಕ್ಮ ಅಳಿಸ್ಬಾರ್ದು ಅಂತ ಅಂಗ್ ಮಾಡ್ದೆ. ಒಂದೇ ಒಂದು ಅಲಗು, ಬುಡು" ಎಂದ. ನಗಬೇಕೋ ಬಾರಿಸಬೇಕೋ ತಿಳಿಯಲಿಲ್ಲ. ನೀಲಿಗಟ್ಟಿದ ಆ ಅಲಗನ್ನು ಉಜ್ಜುಕಾಗದದಲ್ಲಿ ಉಜ್ಜಿ ಶನಿವಾರ ನನ್ನ ಮೇಜಿಗೆ ತಂದಿಟ್ಟ. ಸಂಜೆ ಏನೂ ಆಗದವನಂತೆ ಊರಿನ ಬಸ್ಸು ಹತ್ತಿದ.

ತಪಾಸಣೆ ನನ್ನದು. ಅಲಗಿನ ಬುಡದಲ್ಲಿ ಕೂದಲೆಳೆಯಷ್ಟು ನೀಲಿ ಉಳಿದಿತ್ತು. ನೋಡಿಯೂ ಮುದ್ರೆ ಒತ್ತಿದೆ.

ಯಾಕೆಂದು ನಿನಗೆ ಗೊತ್ತು. ನಮ್ಮ ಕಡೆ ಹೊಲ ಉಳುವ ಗಂಡಿಗೆ ಹೆಣ್ಣು ಕೊಡುವವರಿಲ್ಲ. ಮೂರು ವರ್ಷ ನೀನು ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಲ್ಲ ಅಲೆದೆ. ಪಾಂಡವಪುರದ ರಂಜಿತಳ ಮನೆಯವರು ಒಪ್ಪಿದ್ದು ಈ ಕೆಲಸ ನೋಡಿ. ಕೆಲಸ ಹೋದರೆ ಮದುವೆಯೂ ಹೋಯಿತು. ನಿನ್ನೆ ಫೋನಿನಲ್ಲಿ ಅವನದೊಂದು ತಪ್ಪಾಗಿದೆ ಎಂದು ಬಾಯಿ ತೆರೆದಿದ್ದಕ್ಕೇ, "ಒಡಹುಟ್ಟಿದೋನ ಅನ್ನಕ್ಕೆ ಕಲ್ಲಾಕ್‌ಬ್ಯಾಡ ಕಣವ್ವ" ಎಂದುಬಿಟ್ಟೆ.

ಈ ಕೋಣೆಯಲ್ಲಿ ಎತ್ತ ತಿರುಗಿದರೂ ಅವನ ಲಗ್ನಪತ್ರಿಕೆಯ ಕಟ್ಟು. ಕಣ್ಣು ಮುಚ್ಚಿದರೆ ವಿಮಾನದಲ್ಲಿ ಕೂತಿರುವ ಯಾರದೋ ಮಗು. ನಾಳೆ ಅಲಗುಗಳು ಹೊರಡುತ್ತವೆ. ಏನು ಮಾಡಬೇಕೆಂದು ಗೊತ್ತಿದೆ, ಮಾಡಲು ಕೈ ಏಳುತ್ತಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೋ, ಮಾತು ಮಾತ್ರ ಬಿಡಬೇಡ.

ನಿನ್ನ ಮಗಳು,
ಸಹನ

ತಾ.ಕ.: ತಿಮ್ಮ, ಅವ್ವನಿಗೆ ಓದಲು ಬಾರದು. ಇದನ್ನು ಓದಿ ಹೇಳುವವನು ನೀನೇ ಎಂದು ಗೊತ್ತಿದ್ದೇ ಬರೆದೆ. ಇಲ್ಲಿಯವರೆಗೆ ಒಂದಕ್ಷರವನ್ನೂ ನುಂಗದೆ ಓದಿದ್ದರೆ ಇದನ್ನೂ ಓದು. ಕಾಗದ ಮಡಿಸುವ ಮೊದಲು ಸಾಹೇಬರಿಗೆ ಫೋನ್ ಮಾಡಿ ಆ ಅಲಗನ್ನು ತಡೆಸಿದೆ. ನೀಲಿ ಕಂಡೂ ಮುದ್ರೆ ಒತ್ತಿದವಳು ನಾನೆಂದೆ. ನನಗೆ ನಾಳೆಯಿಂದ ಬರಬೇಡ ಎಂದರು. ನೀಲಿಗಟ್ಟಿದ್ದು ಹೇಗೆಂದು ಕೇಳಿದರು, ನಾನು ಹೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ನಿನ್ನನ್ನು ಕೇಳುತ್ತಾರೆ. ಅಲ್ಲಿ ಏನು ಹೇಳುತ್ತೀಯೋ, ಅದನ್ನು ಈಗಲೇ ಅವ್ವನ ಮುಂದೆ ಹೇಳು.