ಆಮೆಯ ಹಿಂಗಾಲುಗಳು

ಬೆಟಗೇರಿ
೧೭ ಏಪ್ರಿಲ್ ೨೦೨೫, ಗುರುವಾರ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ನೇತ್ರಾಳ ಶರಣು. ಮೊಣಕಾಲು ನೋವು ಹೇಗಿದೆ? ಹಿರೇವಡ್ಡಟ್ಟಿಯಲ್ಲಿ ಇಲ್ಲಿಗಿಂತ ಸೆಕೆ ಹೆಚ್ಚು ಎಂದು ವಾಣಿಶ್ರೀ ಹೇಳಿದಳು. ಮಗಳ ಮನೆಯೆಂದು ಸಂಕೋಚಪಡದೆ ಹೊತ್ತಿಗೆ ಸರಿಯಾಗಿ ಉಣ್ಣಿರಿ, ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ನನಗೂ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಮೆಗೆ ಆರಾಮಿಲ್ಲ. ಸೋಮವಾರ ನೋಡಿದರೆ ಮುಂಗಾಲಿನಿಂದ ಮೈ ಎಳೆಯುತ್ತಿತ್ತು, ಹಿಂಗಾಲು ಎರಡೂ ಏಳಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ತಿಕ್ಕುತ್ತ ಗೇಣು ದೂರ ಹೋಗಿ ನಿಂತುಬಿಟ್ಟಿತು. ಎತ್ತಿಕೊಂಡರೆ ಮೊದಲೆಲ್ಲ ಕಾಲು ಬಡಿಯುತ್ತಿತ್ತಲ್ಲ, ಈಗ ಕಾಲುಗಳು ಸುಮ್ಮನೆ ಜೋತುಬಿದ್ದವು. ಮಾವನವರು ಅದನ್ನು ಹೊಲದಿಂದ ಟವೆಲ್ಲಿನಲ್ಲಿ ಕಟ್ಟಿಕೊಂಡು ತಂದಾಗ ಅದು ಅಂಗೈಯಷ್ಟಿತ್ತು, ನಿಮ್ಮ ಮಗ ಎರಡನೇ ಇಯತ್ತೆಯಲ್ಲಿದ್ದರು ಎಂದು ನೀವೇ ಹೇಳುತ್ತಿದ್ದಿರಿ. ನಿಮ್ಮ ಮಗ ತೀರಿಹೋಗಿ ಮೂರು ತಿಂಗಳಾಯಿತು. ವಾಣಿಶ್ರೀ ನಿಮ್ಮನ್ನು ಕರೆದುಕೊಂಡು ಹೊರಟ ದಿನ ನೀವು ಹೊಸ್ತಿಲಲ್ಲಿ ನಿಂತು, "ಕೊಟ್ರೇಶ ಹ್ವಾದ. ಅವ ಸಾಕಿದ ಆಮಿಯಾದ್ರೂ ಇರಲಿ, ನೋಡ್ಕೊಳವ್ವಾ" ಎಂದಿದ್ದಿರಿ. ಸೋಮವಾರದಿಂದ ಆ ಮಾತೇ ಕಿವಿಯಲ್ಲಿದೆ.

ಮಂಗಳವಾರ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನಿಮ್ಮ ಮಗನ ಗೆಳೆಯ ತನ್ವೀರಣ್ಣನ ಆಟೋದಲ್ಲಿ ದನದ ದವಾಖಾನೆಗೆ ಹೋದೆ. ಮುಂದೆ ಎರಡು ಎಮ್ಮೆ, ಒಂದು ಹೋರಿ. "ಇಲ್ಲಿ ಆಮಿ ಪಾಳಿ ಹಚ್ಚಿದ್ದು ಇದ ಮೊದಲ ಇರಬೇಕ್ರಿ ವೈನಿ" ಎಂದ ತನ್ವೀರಣ್ಣ. ನನಗೆ ನಗು ಬಂತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಡಾಕ್ಟರು ಚಿಪ್ಪನ್ನು ಒತ್ತಿ ನೋಡಿ, ಏನು ಹಾಕುತ್ತೀರಿ ಎಂದು ಕೇಳಿದರು. ನಿಮ್ಮ ಮಗ ತಾವು ಉಣ್ಣುವ ಮೊದಲು ಅದಕ್ಕೊಂದು ತುತ್ತು ಹಾಕುತ್ತಿದ್ದರಲ್ಲ. ಅದಕ್ಕೆ ನಾನು ದಿನಾ ಅವರ ಫೋಟೋದ ಮುಂದೆ ಎಡೆ ಇಟ್ಟು, ಆಮೇಲೆ ಆ ಎಡೆಯನ್ನೇ ಅದಕ್ಕೆ ಹಾಕುತ್ತಿದ್ದೆ. ಅನ್ನ, ಹಾಲು, ಸೋಮವಾರಕ್ಕೊಮ್ಮೆ ಗೋಧಿ ಹುಗ್ಗಿ. "ಹುಗ್ಗಿ ಉಣ್ಣಸಾಕ ಅದೇನು ನಿಮ್ಮ ಬೀಗರೇನ್ರಿ ತಂಗಿ? ಹುಲ್ಲು ಹಾಕ್ರಿ, ತಪ್ಪಲ ಹಾಕ್ರಿ" ಎಂದರು. ಆಮೇಲೆ, "ದಿನಾ ಬಿಸಿಲಿಗೆ ಬಿಡ್ತೀರಿಲ್ಲೋ?" ಎಂದರು. ಹೂಂ ರೀ ಎಂದೆ. "ಬಿಸಿಲು ಕಂಡಿದ್ದರ ಕಾಲು ಇಷ್ಟು ಸೋಲಬಾರದು" ಎಂದು ಬಹಳ ಹೊತ್ತು ವಿಚಾರ ಮಾಡಿದರು. ಎಲ್ಲಿಂದಲೋ ಬಿದ್ದು ಬೆನ್ನಿನ ನರಕ್ಕೆ ಪೆಟ್ಟಾಗಿರಬಹುದಂತೆ. ಹಾಗಿದ್ದರೆ ಮತ್ತೆ ನಡೆಯುವುದಿಲ್ಲವಂತೆ. ಒಂದು ಸೂಜಿ ಮಾಡಿ, ಶನಿವಾರ ಬರಲು ಹೇಳಿದ್ದಾರೆ.

ಇಂಥ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲವಂತೆ, ಅರಣ್ಯ ಇಲಾಖೆಗೆ ಒಪ್ಪಿಸಬೇಕಂತೆ. ಇಷ್ಟು ವರ್ಷ ನಮಗೆ ಯಾರೂ ಹೇಳಿರಲಿಲ್ಲ. ನೀವು ಹೂಂ ಎನ್ನದೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಕೊಡುವುದಾದರೂ ಅದು ನಾಲ್ಕು ಕಾಲಿನ ಮೇಲೆ ಈ ಮನೆಯಿಂದ ಹೋಗಲಿ ಎಂದು ಆಸೆ.

ವಾಣಿಶ್ರೀಗೂ ಮಕ್ಕಳಿಗೂ ನನ್ನ ನೆನಪು ಹೇಳಿರಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ನೇತ್ರಾ

ತಾ.ಕ.: ಅತ್ತೆಯವರೇ, ಬಿಸಿಲಿನ ವಿಷಯದಲ್ಲಿ ಡಾಕ್ಟರಿಗೆ ನಾನು ಸುಳ್ಳು ಹೇಳಿದೆ. ಅದು ಎಲ್ಲಿಂದಲೂ ಬಿದ್ದಿಲ್ಲ. ನೀವು ಹೋದ ಮರುದಿನದಿಂದ ಅದನ್ನು ಕಟ್ಟಿಗೆ ಖೋಲಿಯಲ್ಲಿ ಹಾಕಿದ್ದೆ. ಅಲ್ಲಿ ಕಿಟಕಿಯಿಲ್ಲ. ಅದಕ್ಕೂ ಮೊದಲು, ನಿಮ್ಮ ಮಗ ಇಲ್ಲವಾದ ಮೇಲೂ, ಸಂಜೆ ಅವರು ಅಂಗಡಿಯಿಂದ ಬರುತ್ತಿದ್ದ ಹೊತ್ತಿಗೆ ಅದು ತಲಬಾಗಿಲಿಗೆ ಹೋಗಿ ಚಿಪ್ಪು ಬಡಿಯುತ್ತ ನಿಲ್ಲುತ್ತಿತ್ತು. ಬಾಗಿಲು ತೆರೆದರೆ ಹೊರಗೆ ನೋಡುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ. ದಿನಾ ಎಡೆ ಇಟ್ಟು ಕೀಲಿ ಹಾಕಿಕೊಂಡು ಬರುತ್ತಿದ್ದೆ. ಶನಿವಾರದ ತನಕ ಕಾಯುವುದಿಲ್ಲ, ನಾಳೆಯೇ ಹೋಗಿ ಡಾಕ್ಟರಿಗೆ ಇದ್ದದ್ದು ಹೇಳುತ್ತೇನೆ. ಬರೀ ಬಿಸಿಲಿನ ಕೊರತೆಯಾಗಿದ್ದರೆ ಕಾಲು ಬರಬಹುದು. ಈಗ ಅದನ್ನು ಅಂಗಳದಲ್ಲಿ ಬಿಟ್ಟು ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಖೋಲಿಗೆ ಕೀಲಿ ಹಾಕಿದ್ದೇನೆ, ಒಳಗೆ ಏನೂ ಇಲ್ಲ. ಕೀಲಿಕೈ ಈ ಲಕೋಟೆಯಲ್ಲಿದೆ. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿರಿ, ನಾನು ಕೇಳಿದರೂ ಕೊಡಬೇಡಿರಿ.