ಕೂಸಿನ ಹೊಟ್ಟೆಯಲ್ಲೊಂದು ಕಾವಲು ಡಬ್ಬಿ

ಇಳಕಲ್ಲ, ಮಾರ್ಚ್ ೨೦೦೬

ಕೂಡಿದ ಮಹಾಜನಗಳೇ, ಚಾಪೆಯ ಮೇಲೆ ಕೂತವರೇ, ಗೋಡೆ ಏರಿದವರೇ! ಇವತ್ತು ಈ ರಾಚಪ್ಪ ನಿಮ್ಮೊಡನೆ ಮಾತಾಡುವುದಿಲ್ಲ. ಎಂಟು ತಿಂಗಳ ಒಬ್ಬಳೇ ಒಬ್ಬ ಪ್ರೇಕ್ಷಕಿಗೆ ಕಾಗದ ಬರೆಯುತ್ತಿದ್ದಾನೆ. ಕೇಳುವುದಾದರೆ ಸದ್ದು ಮಾಡದೆ ಕೇಳಿ.

ನನ್ನ ಮುದ್ದು ಮೊಮ್ಮಗಳೇ, ಐಶ್ವರ್ಯಾ,

ನಿನ್ನನ್ನು ಎತ್ತಿಕೊಂಡು ಆರು ತಿಂಗಳಾಯಿತು. ನಿಮ್ಮ ಮನೆಯಿರುವ ವಿದ್ಯಾಗಿರಿ ಇಲ್ಲಿಂದ ಬಸ್ಸಿಗೆ ಎರಡು ತಾಸಿನ ದಾರಿ ಅಷ್ಟೇ. ಅಡ್ಡ ನಿಂತದ್ದು ನನ್ನ ಗಂಟಲು.

ನಿನಗೆ ಹೆಸರಿಟ್ಟ ದಿನ ನಿನ್ನ ಸೋದರತ್ತೆ ಕಿವಿಯಲ್ಲಿ ಕುರ್‍ರ್ ಎಂದಳು. ಸುತ್ತ ನಿಂತ ಹೆಣ್ಣುಮಕ್ಕಳು ರಿವಾಜಿನಂತೆ ಅವಳ ಬೆನ್ನಿಗೆ ಧಪಧಪ ಗುದ್ದಿದರು. ನಲವತ್ತು ವರ್ಷ ದುರ್ಯೋಧನನ ಪಾರ್ಟು ಮಾಡಿದ ನಾನು ಸುಮ್ಮನಿರಬೇಕಲ್ಲ! ತೊಟ್ಟಿಲ ಮೇಲೆ ಬಾಗಿ ‘ಐಶ್ವರ್ಯಾ!’ ಎಂದು ಗರ್ಜಿಸಿದೆ. ನೀನು ಬೆಚ್ಚಿದೆ, ನೀಲಿಗಟ್ಟಿದೆ, ಕೈಕಾಲು ಚೆಲ್ಲಿದೆ. ನೆರೆಮನೆಯ ನರ್ಸ್ ದಸ್ತಗೀರಬಿ ಎರಡು ಬೆರಳಿನಿಂದ ನಿನ್ನ ಎದೆ ಒತ್ತುತ್ತಲೇ ದವಾಖಾನೆ ಮುಟ್ಟಿಸಿದಳು.

ಬೆಂಗಳೂರಿನ ವೈದ್ಯರು ಹೇಳಿದ್ದು ಇಷ್ಟು. ನಿನ್ನ ಹೃದಯದ ತಾಳ ಹುಟ್ಟಿನಿಂದಲೇ ಕೆಟ್ಟಿದೆ. ಹಠಾತ್ ಸದ್ದಿಗೆ ಅದು ಹದ ತಪ್ಪಿ ಓಡಬಹುದು. ಅದಕ್ಕೇ ಹೊಟ್ಟೆಯ ಚರ್ಮದಡಿ ಒಂದು ಡಬ್ಬಿ, ಅದರಿಂದ ಹೃದಯಕ್ಕೆ ತಂತಿ. ತಾಳ ತಪ್ಪಿದರೆ ಡಬ್ಬಿ ಒಂದು ಕರೆಂಟಿನ ಏಟು ಕೊಟ್ಟು ಸರಿಮಾಡುತ್ತದೆ.

ನಿನ್ನ ಅವ್ವ ಚೇತನಾ, ನನ್ನದೇ ಮಗಳು, ಕೈಮುಗಿದಳು: “ಅಪ್ಪಾ, ನಿಮ್ಮ ಪಿಸುಮಾತೂ ಓಣಿಗೆ ಕೇಳಸ್ತದ. ಸದ್ಯ ನಮ್ಮನಿಗೆ ಬರಬ್ಯಾಡ್ರಿ.”

ನಿಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ನಿಂತಿತು, ಮಿಕ್ಸರ್ ಅಟ್ಟ ಸೇರಿತು. ನಿನ್ನನ್ನು ನೋಡಿಕೊಳ್ಳಲು ಹೋದ ನನ್ನ ಹೆಂಡತಿ ಗುರುಲಿಂಗವ್ವ ಬಳೆಗೂ ಅರಿವೆ ಸುತ್ತಿಕೊಂಡಳಂತೆ. ಇಲ್ಲಿ ನನಗೋ ಒಂದೇ ಯೋಚನೆ. ಆ ಡಬ್ಬಿಗೆ ಹೇಗೆ ತಿಳಿಯುತ್ತದೆ? ನೀನು ನಕ್ಕು ಎದೆ ಬಡಿದುಕೊಂಡರೆ ಅದೂ ತಪ್ಪು ತಾಳವೇ? ನೀನು ಮಲಗಿದಾಗ ಅದೂ ತೂಕಡಿಸುತ್ತದೆಯೇ?

ಮೊನ್ನೆ ತಪಾಸಣೆಗೆ, ಬಾಯಿ ಬಿಡಬಾರದೆಂಬ ಕರಾರಿನ ಮೇಲೆ ಚೇತನಾ, ಗುರುಲಿಂಗವ್ವರ ಜೊತೆ ನಾನೂ ಬೆಂಗಳೂರಿಗೆ ಬಂದೆ. ಬಾಗಿಲ ಬಳಿ, ಬಾಯಿಗೆ ಟವೆಲ್ ತುರುಕಿಕೊಂಡು ಕೂತೆ. ಡಾಕ್ಟರ್ ಶ್ರೀಧರ ನಿನ್ನ ಹೊಟ್ಟೆಯ ಮೇಲೊಂದು ಬಿಲ್ಲೆ ಇಟ್ಟರು. ಒಳಗಿನ ಡಬ್ಬಿ ತನ್ನ ದಿನಚರಿಯನ್ನೆಲ್ಲ ಪರದೆಯ ಮೇಲೆ ಒಪ್ಪಿಸಿತು! “ಫೆಬ್ರವರಿ ಹನ್ನೆರಡು, ಮಧ್ಯಾಹ್ನ ಮೂರೂ ಹತ್ತು. ಒಂದು ಸಲ ಶಾಕ್ ಕೊಟ್ಟಿದೆ. ನಿಮಗೆ ಗೊತ್ತಾಗಲಿಲ್ಲವೇ?” ಎಂದು ಅವರು ಕೇಳಿದರು.

ಚೇತನಾ ಬಿಳಿಚಿಕೊಂಡಳು. ಅಂದು ಮನೆಯಲ್ಲಿ ಒಂದು ಸೂಜಿಯೂ ಬಿದ್ದಿರಲಿಲ್ಲ. ನಿದ್ದೆಯಲ್ಲಿದ್ದ ನೀನು ಕಿಟಾರನೆ ಚೀರಿದ್ದೆ. ಗುರುಲಿಂಗವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಿದ್ದಳು. ನೀನು ಸುಮ್ಮನಾದದ್ದಕ್ಕೆ ವಾರಗಟ್ಟಲೆ ಬೀಗಿದ್ದಳು.

“ಅಂದ್ರ ನನ್ನ ಮೆಣಸಿನಕಾಯಿ ಏನೂ ಮಾಡ್ಲಿಲ್ಲೇನ್ರಿ?” ಎಂದಳು ಪಾಪ.

ಟವೆಲ್ ಕಿತ್ತೆ. “ಸದ್ದಿಲ್ಲದಾಗೂ ತಾಳ ತಪ್ಪತದೇನ್ರಿ ಸಾಹೇಬ್ರ?” ಕಿಟಕಿಯ ಗಾಜು ನಡುಗಿರಬೇಕು. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ನನ್ನ ಮೀಸೆ ನೋಡುತ್ತಿದ್ದೆ.

“ತಪ್ಪಬಹುದು. ಅದಕ್ಕೇ ಈ ಡಬ್ಬಿ,” ಎಂದರು ಡಾಕ್ಟರು. “ಗದ್ದಲ ಬೇಡ, ಔಷಧಿ ತಪ್ಪಿಸಬೇಡಿ. ಆದರೆ ಮಾತೇ ಇಲ್ಲದ ಮನೆಯಲ್ಲಿ ಮಗು ಮಾತು ಕಲಿಯುವುದು ಹೇಗೆ?”

ಇವತ್ತು ಸಂಜೆ ಚೇತನಾಳ ಫೋನ್ ಬಂತು. “ಅಪ್ಪಾ, ಬರ್ರಿ. ಆದ್ರ ದುರ್ಯೋಧನನ್ನ ಇಳಕಲ್ಲದಾಗ ಬಿಟ್ಟು ಬರ್ರಿ.”

ಅವನನ್ನು ಬಿಟ್ಟು ಬರುವುದು ನನ್ನಿಂದಾಗದು, ಮೊಮ್ಮಗಳೇ. ಆದರೆ ಅವನೂ ಒಮ್ಮೆ ಕೊಳದ ನೀರಿನಡಿ ಉಸಿರು ಹಿಡಿದು ಅಡಗಿದ್ದ. ಅಲ್ಲಿ ಅವನು ತನ್ನಷ್ಟಕ್ಕೆ ಏನು ಆಡಿಕೊಂಡಿದ್ದಾನು? ಇಷ್ಟು ವರ್ಷ ಆ ದೃಶ್ಯದಲ್ಲೂ ಗರ್ಜಿಸಿಯೇ ಚಪ್ಪಾಳೆ ಗಿಟ್ಟಿಸಿದೆ.

ನೂರು ವರುಷ ಬಾಳು, ನನ್ನ ಕೂಸೇ. ನಿನ್ನ ಡಬ್ಬಿಗೆ ಕೆಲಸ ಕಡಿಮೆಯಾಗಲಿ. ನಾಳೆ ಬೆಳಿಗ್ಗೆ ಮೊದಲ ಬಸ್ಸು ಹತ್ತುತ್ತೇನೆ. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊಳದಡಿಯ ಆ ಮಾತುಗಳನ್ನು ಮೊದಲ ಸಲ ಪಿಸುದನಿಯಲ್ಲಿ ಆಡಿ ನೋಡುತ್ತೇನೆ.

ನಿನ್ನ ಮುತ್ಯಾ,
ರಾಚಪ್ಪ